ರಂಪಕ್ಕೆ ಮುಂಚೆ, ರಂಪದ ನಂತರ

ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ, ರಕ್ತ ಬರುವಂತೆ ಕೈ ಕಚ್ಚಿಕೊಳ್ಳುವ ಮಗುವನ್ನು ಆಸ್ಪತ್ರೆಗೆ ಕರೆತಂದರೆ ಬಹುಕಾಲ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದನ್ನು ನಿಲ್ಲಿಸುವುದು ಹೇಗೆ? ಕೈ ಕಟ್ಟಿದರು, ಹೆಲ್ಮೆಟ್ ತೊಡಿಸಿದರು, ಮಂಪರು ಬರಿಸುವ ಮಾತ್ರೆ ಕೊಟ್ಟರು. ಲಾಸ್ ಏಂಜಲೀಸ್‌ನಲ್ಲಿ ಇವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು ಆಟಿಸಂ ಇರುವ ಮಕ್ಕಳಿಗೆ ವಿದ್ಯುತ್ ಶಾಕ್ ಕೂಡ ಕೊಟ್ಟರು. 1965ರಲ್ಲಿ ‘ಲೈಫ್’ ಪತ್ರಿಕೆ ಅದರ ಚಿತ್ರಗಳನ್ನು ಅಚ್ಚು ಹಾಕಿತು. ಇಂಥ ಶಾಕ್ ಯಂತ್ರಗಳನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಷೇಧಿಸಲು 2020ರವರೆಗೆ ಕಾಯಬೇಕಾಯಿತು. ಮರುವರ್ಷವೇ ಅಲ್ಲಿನ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ಚಿಕಿತ್ಸೆಯ ಹೆಸರಿನಲ್ಲಿ ನಡೆದ ಕ್ರೌರ್ಯಗಳ ಪಟ್ಟಿಯಲ್ಲಿ ಈ ಶಾಕ್ ಅನ್ನು ಸಣ್ಣದೆಂದು ಎಣಿಸಲು ನನ್ನಿಂದಾಗದು.

1982ರಲ್ಲಿ ಬಾಲ್ಟಿಮೋರ್‌ನ ಕೆನಡಿ ಸಂಸ್ಥೆಯಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಬೇರೆ ಪ್ರಶ್ನೆ ಎತ್ತಿದರು. ಹೀಗೆ ಮಾಡಿಕೊಂಡ ಮೇಲೆ ಈ ಮಗುವಿಗೆ ಏನು ಸಿಗುತ್ತದೆ? ಉತ್ತರವನ್ನು ಊಹೆಗೆ ಬಿಡದೆ ಪರೀಕ್ಷೆ ಮಾಡಿಯೇ ನೋಡಿದರು. ಬೆಳವಣಿಗೆಯ ತೊಂದರೆಯಿದ್ದ ಒಂಬತ್ತು ಜನರನ್ನು ಒಬ್ಬೊಬ್ಬರನ್ನಾಗಿ 15 ನಿಮಿಷಗಳ ಮಟ್ಟಿಗೆ ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಇರಿಸಿದರು. ಒಂದರಲ್ಲಿ ದೊಡ್ಡವರೊಬ್ಬರು ತಮ್ಮ ಪಾಡಿಗೆ ಓದುತ್ತ ಕೂತಿರುತ್ತಾರೆ. ಮಗು ಹೊಡೆದುಕೊಂಡಾಗ ಮಾತ್ರ ಹತ್ತಿರ ಬಂದು, ಮುಟ್ಟಿ, ಹಾಗೆ ಮಾಡಬೇಡ ಎನ್ನುತ್ತಾರೆ. ಇನ್ನೊಂದರಲ್ಲಿ ಪಾಠ ನಡೆಯುತ್ತದೆ. ಹೊಡೆದುಕೊಂಡ ಕೂಡಲೇ ಪಾಠ ಹೇಳುವವರು 30 ಸೆಕೆಂಡು ಆಚೆ ತಿರುಗಿಬಿಡುತ್ತಾರೆ. ಮೂರನೆಯದರಲ್ಲಿ ಆಟಿಕೆಗಳಿವೆ, ಆಗಾಗ ಮೆಚ್ಚುಗೆಯ ಮಾತಿದೆ, ಒತ್ತಾಯ ಯಾವುದೂ ಇಲ್ಲ. ನಾಲ್ಕನೆಯದರಲ್ಲಿ ಮಗು ಒಂಟಿ. ವೈದ್ಯರು ಮೊದಲೇ ತಪಾಸಣೆ ಮಾಡಿದ್ದರು. ಗಾಯ ಮಿತಿ ಮೀರುವಂತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕೆಂಬ ನಿಯಮವೂ ಇತ್ತು.

ಒಂಬತ್ತರಲ್ಲಿ ಆರು ಜನರಲ್ಲಿ ಲೆಕ್ಕ ಸ್ಪಷ್ಟವಾಗಿ ಬಂತು. ಅವರವರಿಗೆ ಒಂದೊಂದು ಸನ್ನಿವೇಶದಲ್ಲಿ ಮಾತ್ರ ಹೊಡೆದುಕೊಳ್ಳುವುದು ಏರುತ್ತಿತ್ತು. ಕೆಲವರಿಗೆ ಪಾಠದ ಹೊತ್ತು, ಕೆಲವರಿಗೆ ಒಂಟಿತನ, ಇನ್ನೊಬ್ಬರಿಗೆ ದೊಡ್ಡವರು ಕಣ್ಣೆದುರಿಗಿದ್ದೂ ತಮ್ಮತ್ತ ನೋಡದಿರುವುದು. ಹೊರಗಿನಿಂದ ನೋಡಿದರೆ ಎಲ್ಲರೂ ಮಾಡುತ್ತಿದ್ದುದು ಒಂದೇ ಕೆಲಸ, ಒಳಗಿನ ಕಾರಣ ಮಾತ್ರ ಬೇರೆ ಬೇರೆ. ಇವಾಟಾ ಮತ್ತು ಸಂಗಡಿಗರು 1994ರಲ್ಲಿ ಇಂಥ 152 ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿದರು. ಶೇಕಡಾ 38.1 ಜನರಲ್ಲಿ ಆ ವರ್ತನೆ ಏನನ್ನೋ ತಪ್ಪಿಸಿಕೊಳ್ಳುವ ದಾರಿಯಾಗಿತ್ತು, ಶೇಕಡಾ 26.3 ಜನರಲ್ಲಿ ಗಮನವನ್ನೋ ಬೇಕಾದ ವಸ್ತುವನ್ನೋ ಪಡೆಯುವ ದಾರಿ, ಶೇಕಡಾ 25.7 ಜನರಲ್ಲಿ ಹೊರಗಿನ ಯಾರ ಹಂಗೂ ಇಲ್ಲದೆ ಆ ಕ್ರಿಯೆಯೇ ಏನೋ ಸಂವೇದನೆ ಕೊಡುತ್ತಿತ್ತು.

ಪಾಠದಿಂದ ಪಾರಾಗಲು ಕಚ್ಚಿಕೊಳ್ಳುವ ಹುಡುಗನನ್ನು ಶಿಕ್ಷೆಯೆಂದು ಕ್ಲಾಸಿನ ಆಚೆ ನಿಲ್ಲಿಸಿದರೆ ಅವನು ಕೇಳಿದ್ದನ್ನೇ ಕೊಟ್ಟಂತಾಯಿತು. ಗಮನಕ್ಕಾಗಿ ಹಂಬಲಿಸುವ ಹುಡುಗಿಗೆ ‘ಬೇಡ ಪುಟ್ಟಿ, ಬೇಡ’ ಎಂದು ಹತ್ತು ಸಲ ಹೇಳಿದರೆ ಅವಳಿಗೆ ಸಿಕ್ಕಿದ್ದು ಹತ್ತು ಸಲದ ಅಕ್ಕರೆ. ಎಲ್ಲರಿಗೂ ಒಂದೇ ಮದ್ದು ಹಾಕಿದರೆ ಕೆಲವರಿಗೆ ಅದೇ ಕಾಯಿಲೆಯನ್ನು ಹೆಚ್ಚಿಸುತ್ತದೆ.

ನಮ್ಮ ಮನೆಗಳಲ್ಲಿ ಇಂಥ ರಂಪಕ್ಕೆ ಇರುವ ವಿವರಣೆಗಳು ಗೊತ್ತಿರುವಂಥವೇ. ಹಠ, ಕೊಬ್ಬು, ಮುದ್ದು ಹೆಚ್ಚಾಗಿದೆ, ದೃಷ್ಟಿ ತಗುಲಿದೆ. ಎಲ್ಲವೂ ಮಗುವಿನ ಒಳಗೇ ಏನೋ ಕೆಟ್ಟಿದೆ ಎಂದು ಹೇಳುತ್ತವೆ. ರಂಪದ ಹಿಂದಿನ ನಿಮಿಷ ಏನಾಯಿತು, ಮುಂದಿನ ನಿಮಿಷ ಏನಾಯಿತು ಎಂದು ಒಂದೂ ಕೇಳುವುದಿಲ್ಲ. ಆದರೆ ಗುಟ್ಟಿರುವುದು ಆ ಎರಡು ನಿಮಿಷಗಳಲ್ಲೇ.

ಮನೆಯಲ್ಲಿ ಪ್ರಯೋಗಾಲಯ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಹತ್ತು ವರ್ಷದ ಒಬ್ಬ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. ಆಟಿಸಂ ಇದೆ, ಬಾಯಲ್ಲಿ ಮಾತಿಲ್ಲ. ಮುಂಗೈ ತುಂಬ ಹಲ್ಲಿನ ಗುರುತು. ಯಾಕೆ ಕಚ್ಚಿಕೊಳ್ಳುತ್ತಾನೆ ಎಂದರೆ ಅಮ್ಮ ಹೇಳುವುದು, ‘ಸುಮ್‌ಸುಮ್ನೆ, ಕಾರಣವೇ ಇಲ್ಲ.’ ಆಕೆ ಪುಟದ ಮೇಲೆ ಮೂರು ಕಾಲಂ ಗೆರೆ ಎಳೆದು ಬರೆಯುತ್ತ ಹೋಗುತ್ತಾರೆ.

ಸೋಮವಾರ ಸಂಜೆ 5.40. ಮೊದಲು: ಮಣಿ ಪೋಣಿಸೋ ಡಬ್ಬಿ ತಂದಿಟ್ಟೆ. ಏನಾಯ್ತು: ಕೈ ಕಚ್ಚಿಕೊಂಡ. ಆಮೇಲೆ: ಡಬ್ಬಿ ಎತ್ತಿಟ್ಟೆ, ಸುಮ್ಮನಾದ.

ಬುಧವಾರ ಬೆಳಿಗ್ಗೆ 7.15. ಮೊದಲು: ಅಂಗಿ ಗುಂಡಿ ನೀನೇ ಹಾಕ್ಕೋ ಅಂದೆ. ಏನಾಯ್ತು: ಕಚ್ಚಿಕೊಂಡ. ಆಮೇಲೆ: ಬಸ್ಸಿಗೆ ಲೇಟಾಗುತ್ತೆ ಅಂತ ನಾನೇ ಹಾಕಿದೆ.

ಶುಕ್ರವಾರ ಸಂಜೆ 6. ಮೊದಲು: ಫೋನಲ್ಲಿ ತಂಗಿ ಜೊತೆ ಅರ್ಧ ಗಂಟೆ ಮಾತಾಡ್ದೆ, ಅವನು ಪಕ್ಕದಲ್ಲಿ ಒಬ್ಬನೇ ಕೂತಿದ್ದ. ಏನಾಯ್ತು: ಏನೂ ಇಲ್ಲ.

ಏನೂ ಆಗದ ಶುಕ್ರವಾರವನ್ನೂ ಬರೆದಿಟ್ಟಿದ್ದಾರಲ್ಲ, ಅದಕ್ಕೆ ಬೆಲೆಯಿದೆ. ಅರ್ಧ ಗಂಟೆ ಯಾರೂ ತನ್ನತ್ತ ನೋಡದಿದ್ದರೂ ಹುಡುಗ ನೆಮ್ಮದಿಯಾಗಿದ್ದ. ಅಂದರೆ ಇಲ್ಲಿ ವಿಷಯ ಬಹುಶಃ ಗಮನದ್ದಲ್ಲ. ಇನ್ನು ಮಣಿ ಮತ್ತು ಗುಂಡಿ. ಎರಡರಲ್ಲೂ ಬೆರಳ ತುದಿಯ ಸೂಕ್ಷ್ಮ ಕೆಲಸವಿದೆ. ಅವನಿಗೆ ಬೆರಳುಗಳ ಹಿಡಿತ ಕಷ್ಟವಿರಬಹುದೇ? ಇದನ್ನು ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರಿಗೆ ತೋರಿಸಿ ಕೇಳಬಹುದು. ‘ಕಾರಣವೇ ಇಲ್ಲ’ ಎನ್ನುವುದರಿಂದ ‘ಬೆರಳಿನ ಕೆಲಸ ಬಂದಾಗ’ ಎನ್ನುವವರೆಗೆ ಬಂದರಲ್ಲ, ಅದೇ ಅರ್ಧ ಪರಿಹಾರ. ಎರಡು ವಾರ ಹೀಗೆ ಬರೆದರೆ ಹೆಚ್ಚಿನ ಮನೆಗಳಲ್ಲಿ ಏನಾದರೊಂದು ಜಾಡು ಕಾಣಿಸಿಕೊಳ್ಳುತ್ತದೆ. ಸರ್ಕಾರಿ ಶಾಲೆಗೆ ಹೆಸರು ಹಚ್ಚಿದ ಮಕ್ಕಳಾದರೆ ತಾಲ್ಲೂಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರೊಂದಿಗೆ ಕೂತು ಈ ಪುಟಗಳನ್ನು ಓದಬಹುದು. ಶಾಲೆಯದೊಂದು, ಮನೆಯದೊಂದು ನೋಟ್‌ಬುಕ್ ಇದ್ದರೆ ಇನ್ನೂ ಒಳ್ಳೆಯದು.

ಗುಂಡಿಯ ಪ್ರಸಂಗದಲ್ಲಿ ಕಲಿತವನು ಹುಡುಗನೊಬ್ಬನೇ ಅಲ್ಲ. ಕಚ್ಚಿಕೊಂಡರೆ ಗುಂಡಿಯ ಕಾಟ ತಪ್ಪುತ್ತದೆ ಎಂದು ಅವನು ಕಲಿತ. ಗುಂಡಿ ಹಾಕಿಬಿಟ್ಟರೆ ಕಚ್ಚುವುದು ನಿಲ್ಲುತ್ತದೆ ಎಂದು ಅಮ್ಮ ಕಲಿತರು. ಇಬ್ಬರಿಗೂ ಆ ಕ್ಷಣಕ್ಕೆ ನೆಮ್ಮದಿ, ಹಾಗಾಗಿ ಇಬ್ಬರೂ ನಾಳೆ ಅದನ್ನೇ ಮಾಡುತ್ತಾರೆ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಷ್ಟೋ ಕುಟುಂಬಗಳ ದಿನಚರಿಯನ್ನು ಹತ್ತಿರದಿಂದ ಗಮನಿಸಿ ಈ ಸುಳಿಯನ್ನು 1982ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ತಾಯಿಯನ್ನು ದೂರುವುದಕ್ಕೆ ಇದರಲ್ಲಿ ಏನೂ ಇಲ್ಲ. ಬೆಳಿಗ್ಗೆ ಏಳೂಕಾಲಿಗೆ, ಒಲೆಯ ಮೇಲೆ ಕುಕ್ಕರ್ ಕೂಗುತ್ತಿರುವಾಗ, ಯಾರಾದರೂ ಮಾಡುವುದು ಅದನ್ನೇ.

ಹಾಗಾದರೆ ಬಿಟ್ಟುಕೊಡದೆ ಗಟ್ಟಿಯಾಗಿ ಕೂರಬೇಕೇ? ಅಷ್ಟೇ ಮಾಡಿದರೆ ಅಪಾಯ. ಇಷ್ಟು ದಿನ ಫಲಿಸಿದ ದಾರಿ ಒಮ್ಮೆಲೇ ಮುಚ್ಚಿದರೆ ವರ್ತನೆ ತಗ್ಗುವ ಮೊದಲು ಜೋರಾಗಬಹುದು: ಕೈ ಕಚ್ಚುತ್ತಿದ್ದವನು ತಲೆ ಚಚ್ಚಿಕೊಳ್ಳಬಹುದು. ಆ ಹೊತ್ತಿಗೆ ಅಜ್ಜಿಗೆ ಕರುಳು ತಡೆಯದೆ ಬಿಟ್ಟುಕೊಟ್ಟರೆ ಹುಡುಗನ ಪಾಲಿಗೆ ಅದು ಲಾಟರಿ ಹೊಡೆದಂತೆ. ಯಾವಾಗಲೋ ಒಮ್ಮೆ ಗೆಲ್ಲುವ ಆಟವನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

ದಾರಿ ಮುಚ್ಚುವ ಮೊದಲು ಇನ್ನೊಂದು ದಾರಿ ತೆರೆಯಬೇಕು. 1985ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳೊಂದಿಗೆ ಮಾಡಿ ತೋರಿಸಿದ್ದು ಇದನ್ನೇ. ಮೊದಲು ಯಾವ ಮಗು ಯಾವಾಗ ಕೆರಳುತ್ತದೆ ಎಂದು ಪತ್ತೆ ಹಚ್ಚಿದರು. ಕಷ್ಟದ ಪಾಠಕ್ಕೆ ಕೆರಳುತ್ತಿದ್ದವರಿಗೆ ‘ನನಗೆ ಅರ್ಥವಾಗಲಿಲ್ಲ’ ಎಂದು ಹೇಳಿ ಸಹಾಯ ಪಡೆಯಲು ಕಲಿಸಿದರು. ಗಮನ ಸಾಲದೆ ಕೆರಳುತ್ತಿದ್ದವರಿಗೆ ‘ನಾನು ಚೆನ್ನಾಗಿ ಮಾಡ್ತಿದೀನಾ?’ ಎಂದು ಕೇಳಲು ಕಲಿಸಿದರು. ರಂಪ ಬಹಳ ಮಟ್ಟಿಗೆ ಇಳಿಯಿತು. ಬಳಿಕ ಬೇಕೆಂದೇ ಮಾತುಗಳನ್ನು ಅದಲುಬದಲು ಮಾಡಿ ನೋಡಿದರು: ಮಗುವಿನ ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ಏನೂ ಪ್ರಯೋಜನವಾಗಲಿಲ್ಲ. ಪಾಠ ಅರ್ಥವಾಗದೆ ಒದ್ದಾಡುವ ಮಗುವಿಗೆ ಮೆಚ್ಚುಗೆ ಕೇಳಿ ಪಡೆಯುವುದನ್ನು ಕಲಿಸಿದರೆ ಅದರ ಒದ್ದಾಟವೇನೂ ಕಡಿಮೆಯಾಗದು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದು. ಆ ಮಕ್ಕಳನ್ನು ಅದು ಏನನ್ನೋ ಹೇಳಹೊರಟವರೆಂದು ಕಂಡಿತು.

ಮಾತಿಲ್ಲದ ನಮ್ಮ ಹುಡುಗನಿಗೆ ಮಾತೇ ಬೇಕಿಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಮೇಲೆ ಅಡ್ಡ ಹಿಡಿದ ಅಂಗೈಯ ಚಿತ್ರ ಬರೆದು, ಕೆಳಗೆ ‘ಸಾಕು’ ಎಂದು ಬರೆದು, ಸೆಲ್ಲೋಟೇಪು ಸುತ್ತಿದರೆ ಕಾರ್ಡು ತಯಾರು. ಕಲಿಸುವ ಹೊತ್ತು ಮಾತ್ರ ಮುಖ್ಯ. ರಂಪದ ನಡುವೆ ಕಲಿಸಲಾಗದು, ಹುಡುಗ ಸಮಾಧಾನವಾಗಿರುವಾಗಲೇ ಕಲಿಸಬೇಕು. ಅಮ್ಮ ಎದುರಿಗೆ ಕೂತು ಎರಡೇ ಎರಡು ಮಣಿ ಇಡುತ್ತಾರೆ. ಅವನ ಮುಖ ಬಿಗಿಯುವ ಮೊದಲೇ, ಹಿಂದೆ ಕೂತ ಅಕ್ಕ ಅವನ ಕೈ ಹಿಡಿದು ಕಾರ್ಡನ್ನು ಅಮ್ಮನ ಅಂಗೈಗೆ ಇಡಿಸುತ್ತಾಳೆ. ಅಮ್ಮ ‘ಸಾಕಾ? ಸರಿ, ಸಾಕು’ ಎಂದು ಆ ಕ್ಷಣವೇ ಮಣಿ ಪಕ್ಕಕ್ಕಿಡುತ್ತಾರೆ. ಮೊದಮೊದಲು ಪ್ರತಿ ಸಲವೂ ಹೀಗೇ ಆಗಬೇಕು. ಒಂದು ಸಲ ‘ಇರು, ಇದೊಂದು ಮುಗಿಸು’ ಎಂದುಬಿಟ್ಟರೆ ಅವನಿಗೆ ಕಾರ್ಡಿನ ಮೇಲಿನ ನಂಬಿಕೆ ಹೋಗಿ ಕೈ ಮತ್ತೆ ಬಾಯಿಗೆ ಹೋಗುತ್ತದೆ. ಕಚ್ಚುವುದಕ್ಕಿಂತ ಕಾರ್ಡು ಸುಲಭವಾಗಿರಬೇಕು, ಬೇಗ ಕೆಲಸ ಮಾಡಬೇಕು.

ಇಲ್ಲಿ ಎಲ್ಲ ಅಪ್ಪಂದಿರೂ ಎಲ್ಲ ಶಿಕ್ಷಕರೂ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಕೇಳಿದಾಗಲೆಲ್ಲ ಬಿಟ್ಟುಬಿಟ್ಟರೆ ಅವನು ಕಲಿಯುವುದು ಯಾವಾಗ? ಮೊದಲ ದಿನಗಳಲ್ಲಿ ಪಾಠ ಹಿಂದೆ ಬೀಳುವುದು ನಿಜ. ಆದರೆ ರಂಪ ನಡೆಯುತ್ತಿದ್ದಾಗಲೂ ಅವನೇನೂ ಕಲಿಯುತ್ತಿರಲಿಲ್ಲವಲ್ಲ. ಕಾರ್ಡು ಕೈಗೆ ಕೂತ ಮೇಲೆ, ‘ಇನ್ನೊಂದು ಮಣಿ, ಆಮೇಲೆ ಸಾಕು’ ಎನ್ನಬಹುದು. ಕೆಲವು ವಾರ ಕಳೆದ ಮೇಲೆ ಇನ್ನೆರಡು. ಜೊತೆಗೇ ಮಣಿಯ ಬದಲು ದೊಡ್ಡ ಮರದ ಗುಂಡು, ತೆಳು ದಾರದ ಬದಲು ಗಟ್ಟಿ ಹುರಿ. ತಾನು ಹೇಳಿದರೆ ನಡೆಯುತ್ತದೆ ಎಂಬ ಧೈರ್ಯ ಬಂದ ಮಗು ಎಷ್ಟೋ ಹೆಚ್ಚು ಹೊತ್ತು ಕೂರುತ್ತದೆ.

ಇಷ್ಟೆಲ್ಲಕ್ಕೂ ಮೊದಲು ನೋಡಬೇಕಾದದ್ದು ದೇಹವನ್ನು. ಹಲ್ಲುನೋವು, ಕಿವಿಸೋರು, ಮಲಬದ್ಧತೆ, ಹೊಟ್ಟೆಯ ಆಮ್ಲ ಮೇಲೆ ಬರುವುದು, ಮುಟ್ಟಿನ ಹೊಟ್ಟೆನೋವು. ಹೇಳಿಕೊಳ್ಳಲಾಗದವರಲ್ಲಿ ಇವೆಲ್ಲ ಸಿಟ್ಟಾಗಿ, ತಲೆ ಹೊಡೆದುಕೊಳ್ಳುವುದಾಗಿ ಹೊರಬರುತ್ತವೆ. ಕಾರ್ನೀಲಿಯಾ ಡಿ ಲಾಂಗೆ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಸ್ಥಿತಿಯಿರುವವರಲ್ಲಿ ಆಮ್ಲದ ತೊಂದರೆ ಬಹಳ ಸಾಮಾನ್ಯ, ತಮಗೆ ತಾವೇ ಗಾಯ ಮಾಡಿಕೊಳ್ಳುವುದೂ ಸಾಮಾನ್ಯ. ಸ್ಮಿತ್–ಮಜೀನಿಸ್ ಸಿಂಡ್ರೋಮ್‌ನಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ರಾತ್ರಿಯ ಬದಲು ಹಗಲಿನಲ್ಲಿ ಏರುತ್ತದೆ. ನಿದ್ರೆಗೆಟ್ಟ ಮಗುವಿನ ಹಗಲಿನ ಸಿಟ್ಟಿಗೆ ಬುದ್ಧಿವಾದ ಹೇಳಿ ಏನು ಫಲ? ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್‌ನಂಥ ಮಾತ್ರೆಯಿಂದಲೂ ಕೆಲವರಲ್ಲಿ ಸಿಡುಕು ಹೆಚ್ಚುತ್ತದೆ. ಹಾಗೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ನೆಮ್ಮದಿಯಾಗಿದ್ದ ಮಗು ಒಂದು ವಾರದಲ್ಲಿ ಬದಲಾಗಿ ಹೊಡೆದುಕೊಳ್ಳಲು ಶುರುಮಾಡಿದರೆ, ನಡವಳಿಕೆ ತಿದ್ದುವ ಮಾತಿಗೆ ಮೊದಲು ಬಾಯಿ ತೆರೆಸಿ ಹಲ್ಲು ನೋಡಿ, ಕಿವಿಗೆ ಟಾರ್ಚ್ ಬಿಡಿಸಿ, ಹೊಟ್ಟೆ ಮುಟ್ಟಿ ನೋಡಿಸಿ.

ಮಾತ್ರೆಗಳ ವಿಷಯ ಬಂದಿತಲ್ಲ. ಆಟಿಸಂ ಇರುವ ಮಕ್ಕಳ ಸಿಡುಕಿಗೆ ರಿಸ್ಪೆರಿಡೋನ್ ಬಳಸಬಹುದೆಂದು ಎಫ್‌ಡಿಎ 2006ರಲ್ಲಿ ಒಪ್ಪಿತು. ಕೆಲವು ಮಕ್ಕಳಿಗೆ ಅದರಿಂದ ನಿಜವಾದ ಉಪಯೋಗವಾಗಿದೆ, ಜೊತೆಗೆ ತೂಕ ಏರುವ, ತೂಕಡಿಸುವ ತೊಂದರೆಗಳೂ ಬರುತ್ತವೆ. ಆದರೆ ಬೌದ್ಧಿಕ ವಿಕಲತೆಯಿರುವ ವಯಸ್ಕರ ಆಕ್ರಮಣಕಾರಿ ವರ್ತನೆಗೆ ಈ ಬಗೆಯ ಔಷಧಿಗಳನ್ನು ದಶಕಗಟ್ಟಲೆ ಬರೆದುಕೊಟ್ಟ ಮೇಲೂ ಗಟ್ಟಿ ಪುರಾವೆ ಇರಲಿಲ್ಲ. ಪೀಟರ್ ಟೈರರ್ ಮತ್ತು ಸಂಗಡಿಗರು ಇಂಗ್ಲೆಂಡ್, ವೇಲ್ಸ್ ಮತ್ತು ಆಸ್ಟ್ರೇಲಿಯಾದ ಕ್ಲಿನಿಕ್‌ಗಳಲ್ಲಿ 86 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ರಿಸ್ಪೆರಿಡೋನ್, ಒಂದಕ್ಕೆ ಹ್ಯಾಲೊಪೆರಿಡಾಲ್, ಮೂರನೆಯದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು, ತೆಗೆದುಕೊಳ್ಳುವವರಿಗೂ ತಿಳಿಯದು. ನಾಲ್ಕು ವಾರಗಳ ನಂತರ ಮೂರೂ ಗುಂಪುಗಳಲ್ಲಿ ಆಕ್ರಮಣ ಇಳಿದಿತ್ತು: ರಿಸ್ಪೆರಿಡೋನ್ ಗುಂಪಿನಲ್ಲಿ ಶೇಕಡಾ 58, ಹ್ಯಾಲೊಪೆರಿಡಾಲ್ ಗುಂಪಿನಲ್ಲಿ 65, ಹುಸಿ ಮಾತ್ರೆಯ ಗುಂಪಿನಲ್ಲಿ 79. ಫಲಿತಾಂಶ 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಮಾತ್ರೆಯಲ್ಲಿ ಏನೂ ಇಲ್ಲದಿದ್ದರೂ ಇಳಿದದ್ದು ಹೇಗೆ? ಬಿಕ್ಕಟ್ಟಿನ ತುತ್ತತುದಿಯಲ್ಲಿದ್ದಾಗಲೇ ಜನ ವೈದ್ಯರ ಬಳಿಗೆ ಬರುತ್ತಾರೆ, ತುದಿ ಮುಟ್ಟಿದ್ದು ತಾನಾಗಿ ಒಂದಿಷ್ಟು ಇಳಿಯುತ್ತದೆ. ಅದಲ್ಲದೆ ತಂಡವೊಂದು ಪದೇ ಪದೇ ಬಂದು ವಿಚಾರಿಸಿಕೊಂಡದ್ದೂ, ಏನನ್ನೋ ಮಾಡುತ್ತಿದ್ದಾರೆಂದು ಆರೈಕೆಯವರ ಮನಸ್ಸು ಹಗುರಾದದ್ದೂ ಸೇರಿರಬಹುದು ಎಂದು ನನ್ನ ಊಹೆ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಇಂಥ ಮಾತ್ರೆಗಳು ಬೇರೆ ಉಪಾಯಗಳು ಫಲಿಸದಾಗ, ಇಲ್ಲವೇ ಅಪಾಯ ತೀವ್ರವಾಗಿದ್ದಾಗ, ಆ ಉಪಾಯಗಳ ಜೊತೆಗೇ ಬರಬೇಕು.

ಇಷ್ಟು ಮಾಡಿದ ಮೇಲೂ ರಂಪದ ದಿನ ಬಂದೇ ಬರುತ್ತದೆ. ಆಗ ದೇಹದ ಒಳಗೆ ಏನಾಗುತ್ತದೆ? ಅಡ್ರಿನಲಿನ್ ಕೆಲವೇ ಸೆಕೆಂಡುಗಳಲ್ಲಿ ನುಗ್ಗಿ ಎದೆಬಡಿತ ಏರಿಸುತ್ತದೆ. ಕಾರ್ಟಿಸಾಲ್ ನಿಧಾನವಾಗಿ ಏರಿ, ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ತಾರಕಕ್ಕೆ ಮುಟ್ಟಿದ ಮಿದುಳಿಗೆ ವಾಕ್ಯ ಅರ್ಥ ಮಾಡಿಕೊಳ್ಳುವ, ಪರಿಣಾಮ ಯೋಚಿಸುವ ಶಕ್ತಿ ಕುಗ್ಗಿರುತ್ತದೆ. ಎಲ್ಲರಿಗೂ ಹಾಗೆಯೇ, ಮೊದಲೇ ಮಾತು ಕಷ್ಟವಿರುವವರಿಗೆ ಇನ್ನಷ್ಟು. ‘ಯಾಕೆ ಹೀಗೆ ಮಾಡ್ತಿದೀಯ, ಹೇಳು’ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಬರೀ ಶಬ್ದವಾಗಿ ಕಿವಿಗೆ ಅಪ್ಪಳಿಸುತ್ತದೆ.

ಬ್ರಿಟನ್ನಿನಲ್ಲಿ ಆಂಡ್ರ್ಯೂ ಮೆಕ್‌ಡೊನೆಲ್ 1990ರ ದಶಕದಿಂದ ಕಲಿಸುತ್ತ ಬಂದಿರುವ ಕ್ರಮದ ತಿರುಳು ಇದು: ಕೆರಳಿಕೆಯನ್ನು ಇಳಿಸಿ, ಉಳಿದದ್ದು ಆಮೇಲೆ. ಮಿಕ್ಸಿ, ಟಿವಿ ಆರಿಸಿ. ನೋಡಲು ಬಂದ ಅಕ್ಕಪಕ್ಕದವರನ್ನು ಕಳಿಸಿ, ತಂಗಿ ತಮ್ಮಂದಿರನ್ನು ಇನ್ನೊಂದು ಕೋಣೆಗೆ ಕಳಿಸಿ. ಚಾಕು, ಗಾಜಿನ ಲೋಟ ಕೈಗೆಟುಕದಂತೆ ಸರಿಸಿ. ಎರಡು ಮಾರು ದೂರದಲ್ಲಿ, ಎದುರಿಗೆ ನಿಲ್ಲದೆ ಓರೆಯಾಗಿ ನಿಂತುಕೊಳ್ಳಿ ಇಲ್ಲವೇ ಕೂತುಕೊಳ್ಳಿ. ಬಾಗಿಲಿಗೆ ಅಡ್ಡ ನಿಂತರೆ ಸಿಕ್ಕಿಬಿದ್ದೆನೆಂದು ಹೆದರುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಒಬ್ಬರೇ ಮಾತಾಡಲಿ, ಅದೂ ಎರಡು ಪದ: ‘ಇಲ್ಲೇ ಇದೀನಿ.’ ಒತ್ತಾಯ ಯಾವುದಿತ್ತೋ ಅದನ್ನು ಆ ಹೊತ್ತಿಗೆ ಕೈಬಿಡಿ. ಸೋತೆನೆಂದು ಅನ್ನಿಸಬಹುದು, ಆದರೆ ಆ ಹೊತ್ತು ಗೆಲ್ಲುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಕಲಿಸುವ ಕೆಲಸಕ್ಕೆ ನಾಳೆ ಬೆಳಿಗ್ಗೆ ಇದೆ, ನೋಟ್‌ಬುಕ್ ಇದೆ. ತಲೆ ಚಚ್ಚಿಕೊಳ್ಳುತ್ತಿದ್ದರೆ ತಲೆಗೂ ಗೋಡೆಗೂ ನಡುವೆ ದಿಂಬು ಒಡ್ಡಿ. ಕೈ ಹಿಡಿದು ಎಳೆದಾಡುವುದಕ್ಕಿಂತ ಅದು ಮೇಲು.

ಶಾಂತವಾದ ಮೇಲಿನ ಒಂದು, ಒಂದೂವರೆ ಗಂಟೆಯೂ ನಾಜೂಕಿನದು. ದೇಹ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಸಣ್ಣ ಕಿಡಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಬೈಗುಳ, ಬುದ್ಧಿವಾದ, ಕ್ಷಮೆ ಕೇಳಿಸುವುದು ಯಾವುದೂ ಆಗ ಬೇಡ. ನೀರು ಕೊಡಿ, ಅವರಿಗೆ ಹಿತವಾದ ಮೂಲೆಯಲ್ಲಿ ಬಿಟ್ಟುಬಿಡಿ. ನೀವೂ ಕೂತುಕೊಳ್ಳಿ, ನಿಮ್ಮ ಎದೆಬಡಿತವೂ ಏರಿರುತ್ತದೆ.

‘ಎರಡು ಏಟು ಬಿದ್ದರೆ ಸರಿಹೋಗ್ತಾನೆ’ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಏಟು ಕೆರಳಿಕೆಯನ್ನು ಏರಿಸುತ್ತದೆ. ಮಗು ಬೆದರಿ ಮುದುಡಿದರೆ ಅದನ್ನೇ ಶಾಂತಿಯೆಂದು ನಾವು ತಿಳಿಯುತ್ತೇವೆ. ಶಾಲೆಯಲ್ಲಿ ಅದು ಕಾನೂನುಬಾಹಿರ ಕೂಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನೆಲಕ್ಕೆ ಬೋರಲು ಕೆಡವಿ ಬೆನ್ನ ಮೇಲೆ ಒತ್ತಿ ಹಿಡಿಯುವುದಂತೂ ಜೀವ ತೆಗೆಯಬಲ್ಲದು, ಉಸಿರಾಟಕ್ಕೆ ಎದೆ ಅರಳಲು ಜಾಗವೇ ಇರುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ವಿಕಲತೆಯಿದ್ದವರನ್ನು ಸಿಬ್ಬಂದಿ ಹೀಗೆ ಕೆಡವಿ ಹಿಡಿಯುವುದನ್ನು, ಹೊಡೆಯುವುದನ್ನು ಬಿಬಿಸಿಯ ಗುಪ್ತ ಕ್ಯಾಮೆರಾ 2011ರಲ್ಲಿ ಜಗತ್ತಿಗೆ ತೋರಿಸಿತು. ಹನ್ನೊಂದು ಜನರಿಗೆ ಶಿಕ್ಷೆಯಾಯಿತು, ಆಸ್ಪತ್ರೆ ಮುಚ್ಚಿತು.

ಈ ವಿಜ್ಞಾನದ ಬಹುಪಾಲು ಮಕ್ಕಳ ಸುತ್ತಲೇ ಬೆಳೆದಿದೆ, ಮಕ್ಕಳು ಮಾತ್ರ ದೊಡ್ಡವರಾಗುತ್ತಾರೆ. ಹದಿನೆಂಟಕ್ಕೆ ವಿಶೇಷ ಶಾಲೆ ಮುಗಿದರೆ ಬೆಳಗಿನ ಬಸ್ಸು, ಗಂಟೆ, ಗೊತ್ತಿದ್ದ ಟೀಚರ್, ಗೋಡೆಯ ಮೇಲಿದ್ದ ಚಿತ್ರದ ವೇಳಾಪಟ್ಟಿ ಎಲ್ಲ ಒಂದೇ ದಿನ ಇಲ್ಲವಾಗುತ್ತವೆ. ‘ದೊಡ್ಡವನಾದ ಮೇಲೆ ಕೆರಳುವುದು ಜಾಸ್ತಿಯಾಯಿತು’ ಎಂದು ಮನೆಯವರು ವಯಸ್ಸನ್ನು ದೂರುತ್ತಾರೆ. ನನ್ನ ಮಟ್ಟಿಗೆ ಮೊದಲು ಅನುಮಾನಿಸಬೇಕಾದದ್ದು ದಿನದ ಚೌಕಟ್ಟು ಕುಸಿದದ್ದನ್ನು. ಅದನ್ನು ಮನೆಯಲ್ಲೇ ಮತ್ತೆ ಕಟ್ಟಬಹುದು: ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಐದು ಚಿತ್ರ, ಹಾಲು ತರುವುದು, ಗಿಡಕ್ಕೆ ನೀರು, ಬಟ್ಟೆ ಮಡಿಸುವುದು, ಊಟ, ಸಂಜೆಯ ನಡಿಗೆ. ಮುಗಿದದ್ದನ್ನು ಅವರೇ ಕಿತ್ತು ಡಬ್ಬಿಗೆ ಹಾಕುತ್ತಾರೆ. ಮುಂದೇನೆಂದು ಕಣ್ಣಿಗೆ ಕಾಣುತ್ತದೆ.

ಡೇ ಕೇರ್‌ಗೋ ಆಸ್ಪತ್ರೆಗೋ ಬೇರೆ ಊರಿನ ಚಿಕ್ಕಮ್ಮನ ಮನೆಗೋ ಹೋಗುವಾಗ ವ್ಯಕ್ತಿಯ ಜೊತೆ ಅವರ ಬಗೆಗೆ ಮನೆಯವರಿಗಿರುವ ತಿಳಿವಳಿಕೆಯೂ ಹೋಗಬೇಕು. ಸ್ಕಾಟ್ಲೆಂಡ್‌ನಲ್ಲಿ 1990ರ ದಶಕದಲ್ಲಿ ಇದಕ್ಕೆಂದೇ ಪಾಸ್‌ಪೋರ್ಟ್‌ನಂಥ ಸಣ್ಣ ಪುಸ್ತಕ ಮಾಡುವ ರೂಢಿ ಶುರುವಾಯಿತು. ಅದರಲ್ಲಿ ವ್ಯಕ್ತಿಯೇ ಹೇಳುವಂತೆ ಬರೆದಿರುತ್ತದೆ. ನಮ್ಮ ಹುಡುಗನದ್ದಾದರೆ ಹೀಗಿರಬಹುದು: ‘ಕಾರ್ಡು ಕೊಟ್ಟರೆ ಸಾಕು ಅಂತ ಅರ್ಥ, ತಕ್ಷಣ ನಿಲ್ಲಿಸಿ. ಮಿಕ್ಸಿ ಹಾಕುವ ಮೊದಲು ತೋರಿಸಿ. ಕಿವಿ ಉಜ್ಜಿಕೊಳ್ಳುತ್ತಿದ್ದರೆ ನೋವಿದೆ, ಡಾಕ್ಟರಿಗೆ ತೋರಿಸಿ. ಹಿಂದಿನಿಂದ ಬಂದು ಮುಟ್ಟಬೇಡಿ.’ ನಾಲ್ಕು ಪ್ರತಿ ಝೆರಾಕ್ಸ್ ಮಾಡಿಸಿದರೆ ಡೇ ಕೇರ್‌ನ ಆಯಾ, ವ್ಯಾನಿನ ಡ್ರೈವರ್, ಚಿಕ್ಕಮ್ಮ, ವಾರ್ಡಿನ ರಾತ್ರಿ ಪಾಳಿಯ ನರ್ಸ್, ಎಲ್ಲರ ಕೈಗೂ ಒಂದೊಂದು ಸಿಗುತ್ತದೆ.